ಸೀಟು ಬದಲಾಯಿಸ್ಕೊಳ್ತೀರಾ, ಪ್ಲೀಸ್?

ಕಳೆದ ವಾರ ಆಕಾಶದಲ್ಲಿ ಒಂದು ಪುಣ್ಯದ ಕೆಲಸ ಮಾಡಿದೆ. ಗಂಡ ಹೆಂಡತಿಯನ್ನು ಒಂದು ಮಾಡಿದೆ.

ನಗಬೇಡಿ. ಶಿಕಾರಿಪುರದ ಕೋರ್ಟಿನಲ್ಲಿ ಕರಿಕೋಟು ಹಾಕಿಕೊಂಡು ಓಡಾಡುವ ನನ್ನ ಹತ್ತಿರ ಬರುವ ದಂಪತಿಗಳೆಲ್ಲ ಬೇರೆ ಮಾಡಿಸಿ ಎಂದು ಕೇಳಿಕೊಂಡೇ ಬರುವವರು. ಒಂದು ಮಾಡಿ ಎಂದವರು ಇವರೇ ಮೊದಲು. ಅದಕ್ಕೇ ಖುಷಿಯಿಂದ ಎದ್ದೆ, ಸೀಟು ಬಿಟ್ಟುಕೊಟ್ಟೆ. (ಫೀಸು ಕೇಳಲಿಲ್ಲ.) ಆ ಖುಷಿ ಹತ್ತು ನಿಮಿಷ ಇತ್ತೇನೋ. ಆಮೇಲೆ ಬಾಯಿಗೆ ಬಂದ ಕಹಿ ಈ ಸಾಲು ಬರೆಯುವಾಗಲೂ ಹೋಗಿಲ್ಲ.

ಮೊದಲು ಸೀಟಿನ ವಿಷಯ ಹೇಳಿಬಿಡುತ್ತೇನೆ. ಸೀಟು ಹಿಡಿಯುವುದನ್ನು ನಮ್ಮ ಕಡೆಯವರಿಗೆ ಯಾರೂ ಕಲಿಸಬೇಕಾಗಿಲ್ಲ. ಬಸ್ಸು ಇನ್ನೂ ಸ್ಟ್ಯಾಂಡಿಗೆ ತಿರುಗುತ್ತಿರುವಾಗಲೇ ಕಿಟಕಿಯಿಂದ ಟವೆಲ್ ಒಳಗೆ ಹೋಗಿರುತ್ತದೆ. ಟವೆಲ್ ಇಲ್ಲದವರು ಕರ್ಚೀಫು, ಅದೂ ಇಲ್ಲದವರು ತರಕಾರಿ ಚೀಲ. ಶಿಕಾರಿಪುರದಿಂದ ಸೊರಬಕ್ಕೆ ಹೋಗುವ ಬಸ್ಸಿನಲ್ಲಿ ಆ ಟವೆಲ್ಲಿಗಿರುವ ಮರ್ಯಾದೆ ನಾನು ತಂದುಕೊಡುವ ತಡೆಯಾಜ್ಞೆಗಳಿಗೂ ಇಲ್ಲ. ಇಷ್ಟಾದ ಮೇಲೂ ಇಬ್ಬರ ಸೀಟಿನಲ್ಲಿ ಮೂವರು ಕೂರುತ್ತಾರೆ. "ಸ್ವಲ್ಪ ಸರೀರಿ" ಎಂದರೆ ಸರಿಯುತ್ತಾರೆ, ಬೈದುಕೊಂಡಾದರೂ ಸರಿಯುತ್ತಾರೆ.

ವಿಮಾನದಲ್ಲಿ ಟವೆಲ್ ನಡೆಯುವುದಿಲ್ಲ. ಸೀಟಿಗೆ ನಂಬರಿದೆ. ಇಂಥದ್ದೇ ಬೇಕೆಂದರೆ ಅದಕ್ಕೆ ಬೇರೆ ದುಡ್ಡು. ಕೊಡದವರನ್ನು ಕಂಪ್ಯೂಟರ್ ಮನಸ್ಸಿಗೆ ಬಂದ ಕಡೆ ಎಸೆಯುತ್ತದೆ. ತಾಯಿ ಮುಂದೆ, ಮಗು ಹಿಂದೆ. ಅತ್ತೆ ಇಲ್ಲಿ, ಅಳಿಯ ಅಲ್ಲಿ. ಹಾಗಾಗಿ ಬಾಗಿಲು ಹಾಕುವ ಮೊದಲೇ ಬೇಡಿಕೆಗಳು ಶುರು. ನನಗೆ ಕಾಲು ನೋವು, ನಿಮ್ಮದು ಬದಿಯ ಸೀಟು, ಕೊಡ್ತೀರಾ? ಮಗಳು ಕಿಟಕಿ ಬೇಕು ಅಂತ ಹಟ ಮಾಡ್ತಿದ್ದಾಳೆ, ಕೊಡ್ತೀರಾ? ಕೇಳುವವರಾದರೂ ವಾಸಿ. ಒಮ್ಮೆ ಒಬ್ಬ ಮಹಾಶಯರು ನನ್ನ ಕಿಟಕಿ ಸೀಟಿನಲ್ಲಿ ಸುಖವಾಗಿ ಕೂತು, ಎಲ್ಲಾ ಸೀಟೂ ಒಂದೇ ಅಲ್ವಾ ಮೇಡಂ ಎಂದರು. ಎಲ್ಲಾ ಒಂದೇ ಆದರೆ ನೀವೇ ಏಳಿ ಸಾರ್ ಎಂದೆ. ಖಾತೆ ನನ್ನ ಹೆಸರಿನಲ್ಲಿ, ಸ್ವಾಧೀನ ಇನ್ನೊಬ್ಬರದು. ಇಂಥ ತಕರಾರು ದಿನಾ ನೋಡುವವಳು ನಾನು.

ಆದರೂ ಕೇಳಿದರೆ ಕೊಡುತ್ತೇನೆ. ಒಂದು ತಾಸಿನ ಪ್ರಯಾಣದಲ್ಲಿ ಎಲ್ಲಿ ಕೂತರೇನು? ಕೇಳುವವರು ಎರಡು ಮರ್ಯಾದೆ ಇಟ್ಟುಕೊಂಡರೆ ಸಾಕು ಎಂದುಕೊಂಡಿದ್ದೆ. ಒಂದು, ಇಲ್ಲ ಎಂದರೆ ಮುಖ ಗಂಟು ಹಾಕಬಾರದು. ಇನ್ನೊಂದು, ಹೇಳುವ ಕಾರಣ ನಿಜವಾಗಿರಬೇಕು.

ಈ ಸಲ ನಾನು ಹೊರಟಿದ್ದು ಶಿವಮೊಗ್ಗದಿಂದ ಹೈದರಾಬಾದಿಗೆ, ತಂಗಿಯ ಮನೆಗೆ. ಚಿಕ್ಕ ವಿಮಾನ. ನಡುವೆ ದಾರಿ, ಆಚೆ ಎರಡು ಸೀಟು, ಈಚೆ ಎರಡು ಸೀಟು. ನನ್ನದು ದಾರಿ ಬದಿಯದು. ಪಕ್ಕದ ಕಿಟಕಿಯಲ್ಲಿ ನಮ್ಮೂರಿನ ಒಬ್ಬ ಗೃಹಿಣಿ. ಅವರ ಯಜಮಾನರಿಗೆ ಮೂರು ಸಾಲು ಮುಂದೆ ಜಾಗ ಸಿಕ್ಕಿತ್ತು.

ಯಜಮಾನರು ನನಗೆ ಪರಿಚಯದವರೇ. ಸರ್ಕಾರಿ ನೌಕರಿಯಿಂದ ನಿವೃತ್ತರು. ಬೆಳಿಗ್ಗೆ ಕೆರೆ ಏರಿಯ ಮೇಲೆ ವಾಕಿಂಗಿನಲ್ಲಿ ಸಿಗುತ್ತಾರೆ, ಎದುರಾದವರಿಗೆಲ್ಲ ಕೈ ಮುಗಿಯುತ್ತಾರೆ. ಈಗ ಒಂದಿಷ್ಟು ಜಮೀನು ಮಾಡಿಸುತ್ತಿದ್ದಾರೆ. ಹೆಸರು ಹೇಳುವುದಿಲ್ಲ. (ಊಹಿಸಲು ಹೋಗಬೇಡಿ. ನಿಮ್ಮ ಬೀದಿಯಲ್ಲೂ ಇಂಥವರೊಬ್ಬರು ಇದ್ದಾರೆ.)

ಹತ್ತಿದ ಕೂಡಲೇ ನಾನೇ ಹೇಳಿದೆ, ನೀವು ಇಲ್ಲಿ ಬನ್ನಿ, ಇಬ್ಬರೂ ಒಟ್ಟಿಗೆ ಕೂತುಕೊಳ್ಳಿ, ನಾನು ಅಲ್ಲಿಗೆ ಹೋಗುತ್ತೇನೆ ಎಂದು. ಯಜಮಾನರು ಎರಡೂ ಕೈ ಜೋಡಿಸಿದರು.

"ಬ್ಯಾಡ್ರೀ ಮೇಡಂ. ಇಷ್ಟು ವರ್ಷದ ಸಂಸಾರಕ್ಕೆ ಒಂದು ತಾಸು ರಜಾ ಸಿಕ್ಕೈತೆ. ಯಾಕ್ ಕೆಡಿಸ್ತೀರಿ?"

ಸುತ್ತಲಿನವರೆಲ್ಲ ನಕ್ಕರು. ಅವರ ಮನೆಯವರೂ ನಕ್ಕು, ಹೋಗ್ಲಿ ಬಿಡ್ರೀ, ನಂಗೂ ರಜಾನೇ ಎಂದರು.

ವಿಮಾನ ಮೇಲೇರಿ ಬೆಲ್ಟಿನ ದೀಪ ಆರಿತು. ಯಜಮಾನರಿಗೆ ಪಕ್ಕದ ಕಿಟಕಿಯಲ್ಲಿದ್ದವರ ಜೊತೆ ಮಾತು ಹತ್ತಿತು. ಆ ಮನುಷ್ಯನಿಗೆ ಐವತ್ತರ ಮೇಲಿರಬಹುದು. ಅಂಗಡಿಯಿಂದ ಬಂದ ಮಡಿಕೆ ಇನ್ನೂ ಹೋಗದ ಹೊಸ ಬಿಳಿ ಅಂಗಿ. ಇಂಜಿನ್ನಿನ ಸದ್ದಿನ ನಡುವೆ ನಮ್ಮವರೆಗೆ ಬಂದ ಮಾತುಗಳು ಶುಂಠಿ, ಕೊಳೆ ರೋಗ, ಮತ್ತೆ ಶುಂಠಿ. ಯಜಮಾನರು ದೊಡ್ಡದಾಗಿ ನಗುತ್ತಿದ್ದರು. ಒಮ್ಮೆ ಜೇಬಿನಿಂದ ಮೊಬೈಲು ತೆಗೆದು, ನಂಬರು ಬರೆದುಕೊಳ್ಳುವವರ ಹಾಗೆ ಹಿಡಿದು ಕೂತರು. "ಶುಂಠಿ ಬೀಜ ಸಿಕ್ಕಿದ್ರೆ ಇವ್ರಿಗೆ ನಾನೂ ನೆನಪಿರಲ್ಲ" ಎಂದು ಅವರ ಮನೆಯವರು ನನಗೆ ಹೇಳಿ, ಸ್ವಲ್ಪ ಹೊತ್ತು ಮೋಡ ನೋಡಿ, ಹಾಗೇ ನಿದ್ದೆ ಹೋದರು. ಸಣ್ಣಗೆ ಗೊರಕೆಯೂ ಬಂತು.

ಅಷ್ಟರಲ್ಲಿ ಯಜಮಾನರು ಎದ್ದು ಬಂದು ನನ್ನ ಪಕ್ಕ ನಿಂತರು. ಬೇಜಾರಿಲ್ಲ ಅಂದರೆ ಸೀಟು ಬದಲಾಯಿಸಿಕೊಳ್ಳಬಹುದಾ, ಪ್ಲೀಸ್ ಎಂದು ಕೇಳಿದರು. ಮನೆಯವರಿಗೆ ಒಬ್ಬರೇ ಕೂರಲು ಭಯ ಆಗುತ್ತಿದೆಯಂತೆ.

ಮನೆಯವರು ಗೊರಕೆ ಹೊಡೆಯುತ್ತಿದ್ದರು. ಅದು ನನಗೆ ಕಾಣಲಿಲ್ಲವೇ? ಕಂಡಿತು. ಕೋರ್ಟಿನಲ್ಲಾಗಿದ್ದರೆ ಅಲ್ಲೇ ಪಾಟೀಸವಾಲು ಶುರು ಮಾಡುತ್ತಿದ್ದೆ. ಆದರೆ ರಜಾ ಬೇಕೆಂದ ಗಂಡನಿಗೆ ಅರ್ಧ ತಾಸಿನಲ್ಲೇ ಹೆಂಡತಿಯ ನೆನಪಾಯಿತಲ್ಲ ಎಂದು ಒಳಗೊಳಗೇ ನಕ್ಕು ಎದ್ದೆ. ಸದ್ದಿಗೆ ಆಕೆಗೆ ಎಚ್ಚರವಾಯಿತು. ಕಣ್ಣುಜ್ಜಿಕೊಂಡು ಗಂಡನನ್ನು ನೋಡಿ, "ಯಾಕ್ರೀ ಬಂದ್ರಿ?" ಎಂದರು. ಯಜಮಾನರು ನನ್ನ ಕಡೆ ತಿರುಗಿದರು. ನಿಮ್ಮದು ದೊಡ್ಡ ಮನಸ್ಸು ಮೇಡಂ ಎಂದು ನನಗೆ ಹೇಳಿ ಕೂತರು.

ದೊಡ್ಡ ಮನಸ್ಸಿನವಳು ಮೂರು ಸಾಲು ಮುಂದೆ ಹೋಗಿ ಕೂತೆ. ಬಿಳಿ ಅಂಗಿಯವರು ನಾನು ಬಂದದ್ದೇ ಮೊಣಕಾಲನ್ನು ಕಿಟಕಿಯ ಕಡೆ ತಿರುಗಿಸಿ, ಕೈಯನ್ನು ಮೈಗೆ ಅಂಟಿಸಿಕೊಂಡು, ಕಾಲ ಬಳಿ ಇದ್ದ ಚೀಲವನ್ನು ತೊಡೆಯ ಮೇಲೆ ಎತ್ತಿಟ್ಟುಕೊಂಡರು. ನನಗೆಷ್ಟು ಜಾಗ ಬಿಟ್ಟರೆಂದರೆ ಇನ್ನೊಬ್ಬರು ಕೂರಬಹುದಿತ್ತು. ಮಾತು ಶುರು ಮಾಡೋಣವೆಂದು, ಶುಂಠಿ ವ್ಯಾಪಾರ ಜೋರಾಗಿ ನಡೆದಿತ್ತಲ್ಲ, ಎಂದು ಕೇಳಿದೆ. ಅವರು ಸುಮ್ಮನೆ ನಕ್ಕರು. ಕಿಟಕಿ ನೋಡುತ್ತಲೇ ಹೇಳಿದರು.

"ಮೇಡಂ, ನೀವೂ ಕೇಳದೇನಾದ್ರೂ ಇದ್ರೆ ಈಗ್ಲೇ ಕೇಳ್ಬಿಡಿ. ಕೂತ್ಕಂಡ್ಮೇಲೆ ಏಳದು ಬ್ಯಾಡ."

ನನಗೆ ಅರ್ಥವಾಗಲಿಲ್ಲ. ಏನು ಕೇಳಬೇಕು ಎಂದೆ.

"ಯಾರ ಪೈಕಿ ಅಂತ."

ಆಗ ಅರ್ಥವಾಯಿತು. ಮುಖಕ್ಕೆ ಹೊಡೆದಂತೆ ಅರ್ಥವಾಯಿತು.

ಅವರ ಹೆಸರು ನಾಗಪ್ಪ ಎಂದಿಟ್ಟುಕೊಳ್ಳಿ. ಕುಪ್ಪಗಡ್ಡೆ ಹತ್ತಿರದ ಹಳ್ಳಿ. ಗದ್ದೆಯಿದೆ, ಮೇಲಿನ ತುಂಡಿನಲ್ಲಿ ಶುಂಠಿ. ನಾನು ಕೇಳಿದ್ದಕ್ಕೆ ಒಂದೊಂದಾಗಿ ಹೇಳಿದರು, ಬೇರೆ ಯಾರದೋ ವಿಷಯ ಹೇಳುವವರ ಹಾಗೆ. ಯಜಮಾನರು ಮೊದಲು ಊರು ಕೇಳಿದರಂತೆ. ಸೊರಬ ಎಂದರು. ಸೊರಬದಲ್ಲಿ ಎಲ್ಲಿ? ಕುಪ್ಪಗಡ್ಡೆ ಕಡೆ. ಈ ವರ್ಷ ಶುಂಠಿ ಹೇಗೆ? ರೋಗ ಇಲ್ಲ, ಬೀಜಕ್ಕೆ ಎತ್ತಿಟ್ಟಿದ್ದೇನೆ. ಅಲ್ಲಿಂದ ಯಜಮಾನರು ಬಹಳ ಹತ್ತಿರವಾದರು. ಬೀಜ ನನಗೇ ಕೊಡಬೇಕು, ನಾನೇ ನಿಮ್ಮ ಹೊಲಕ್ಕೆ ಬರುತ್ತೇನೆ, ಮನೆಗೂ ಬರುತ್ತೇನೆ ಎಂದು ಮೊಬೈಲು ತೆಗೆದರು. ಹೆಸರು ಬರೆದುಕೊಳ್ಳುವ ಮುಂಚೆ, ಯಾರ ಪೈಕಿ ನೀವು ಎಂದರು. ನಾಗಪ್ಪ ಅಪ್ಪನ ಹೆಸರು ಹೇಳಿದರು, ಕೇರಿಯನ್ನೂ ಹೇಳಿದರು. ಮೊಬೈಲು ಜೇಬಿಗೆ ಹೋಯಿತು. ನಂಬರು ಕೇಳಲಿಲ್ಲ. ಯಜಮಾನರು ಸ್ವಲ್ಪ ಹೊತ್ತು ಮುಂದಿನ ಸೀಟಿನ ಬೆನ್ನು ನೋಡಿದರು. ಪೇಪರ್ ಬಿಡಿಸಿದರು, ಮಡಚಿದರು. ಆಮೇಲೆ ಎಕ್ಸ್‌ಕ್ಯೂಸ್ ಮಿ ಎಂದು ಎದ್ದರು.

ಯಾರ ಪೈಕಿ? ಅಂದರೆ ಯಾರ ಮನೆಯವರು, ಯಾವ ಜಾತಿ. ನಮ್ಮ ಕಡೆ ಈ ಪ್ರಶ್ನೆ ಕೇಳದೆ ಯಾರೂ ಒಂದು ಲೋಟ ಕಾಫಿ ಕುಡಿದು ಮುಗಿಸುವುದಿಲ್ಲ. ನನ್ನನ್ನೂ ಲೆಕ್ಕವಿಲ್ಲದಷ್ಟು ಸಲ ಕೇಳಿದ್ದಾರೆ. ನಾನು ಹೇಳಿದ್ದೇನೆ. ಹೇಳಿದ ಮೇಲೆ ಜನ ಕುರ್ಚಿ ಹತ್ತಿರ ಎಳೆದುಕೊಂಡಿದ್ದಾರೆ, ಓಹೋ ಅವರ ಮಗಳಾ ಎಂದಿದ್ದಾರೆ, ಊಟಕ್ಕೆ ಏಳಿ ಎಂದಿದ್ದಾರೆ. ಹಾಗಾಗಿ ಅದು ನನಗೆ ಪ್ರೀತಿಯ ಪ್ರಶ್ನೆ. ಅದೇ ಪ್ರಶ್ನೆಗೆ ಉತ್ತರ ಕೊಟ್ಟ ಮೇಲೆ ಎದುರಿನವರು ಎದ್ದು ಹೋಗುವುದನ್ನು ನೋಡುತ್ತ ಬದುಕಿದವರೂ ಇದ್ದಾರೆ ಎಂದು ನನಗೆ ಗೊತ್ತಿರಲಿಲ್ಲ ಎನ್ನಲಾರೆ. ಗೊತ್ತಿತ್ತು. ಪಕ್ಕದ ಸೀಟಿನಿಂದ ನೋಡಿರಲಿಲ್ಲ, ಅಷ್ಟೇ.

ಸಿಟ್ಟು ಬಂತು. ಎದ್ದು ಹೋಗಿ ಯಜಮಾನರ ಕೈ ಹಿಡಿದು ಎಳೆದು ತಂದು ಅವರ ನಂಬರಿನ ಸೀಟಿನಲ್ಲೇ ಕೂರಿಸುತ್ತೇನೆ ಎಂದು ಬೆಲ್ಟು ಬಿಚ್ಚಿದೆ. ನಾಗಪ್ಪ ಮೊದಲ ಸಲ ನನ್ನ ಕಡೆ ತಿರುಗಿದರು.

"ಬ್ಯಾಡ ಮೇಡಂ. ಗಲಾಟೆ ಆದ್ರೆ ಎಲ್ರೂ ತಿರುಗಿ ನೋಡದು ನನ್ನೇ. ಕೆಳಗೆ ನನ್ ಮಗಳು ಬಂದಿರ್ತಾಳೆ. ಅವಳ ಕಿವಿಗೆ ಬೀಳಬಾರ್ದು."

ಮಗಳಿಗೆ ಸಿಕಂದರಾಬಾದಿನಲ್ಲಿ ರೈಲು ಓಡಿಸುವ ಕೆಲಸ. ಸದ್ಯಕ್ಕೆ ಸಹಾಯಕ ಚಾಲಕಿ. ತಾನು ರೈಲು ಓಡಿಸಿದರೂ ಅಪ್ಪ ಮಾತ್ರ ವಿಮಾನದಲ್ಲೇ ಬರಬೇಕೆಂದು ಹಟ ಹಿಡಿದು ಟಿಕೆಟ್ ತೆಗೆದಿದ್ದಳು. ಕಿಟಕಿಯ ಸೀಟಿಗೆ ಮೇಲೆ ದುಡ್ಡು ಕೊಟ್ಟಿದ್ದಳು. ಅಂಗಿಯೂ ಅವಳು ಕಳಿಸಿದ್ದೇ. ಹೊರಡುವ ಮುಂಚೆ ಫೋನಿನಲ್ಲಿ ಒಂದೇ ಮಾತು ಒತ್ತಿ ಹೇಳಿದ್ದಳಂತೆ. ಯಾರು ಕೇಳಿದರೂ ಸೊರಬ ಅಂತಷ್ಟೇ ಹೇಳಪ್ಪ, ಅದರಿಂದ ಒಳಗೆ ಹೋಗಬೇಡ.

"ಶುಂಠಿ ಮಾತು ಬಂತು ನೋಡಿ, ಮರ್ತೇಬಿಟ್ಟೆ" ಎಂದರು. ತಪ್ಪು ತಮ್ಮದೇ ಎನ್ನುವ ಹಾಗೆ ಹೇಳಿದರು. ಅಷ್ಟು ಆಸೆಯಿಂದ ಅವಳು ಕೊಡಿಸಿದ ಪ್ರಯಾಣವನ್ನು ನಾನೇ ಬಾಯಿ ಬಿಟ್ಟು ಹಾಳು ಮಾಡಿಕೊಂಡೆ, ಗೊತ್ತಾದರೆ ಟಿಕೆಟ್ ಯಾಕಾದರೂ ತೆಗೆದೆನೋ ಎಂದು ಅಳುತ್ತಾಳೆ ಎಂದರು. ಆಮೇಲೆ ಹೈದರಾಬಾದ್ ಬರುವವರೆಗೂ ಕಿಟಕಿಯಾಚೆ ನೋಡುತ್ತ ಕೂತರು. ಏನು ಕಂಡಿತೋ.

ಲಗೇಜಿನ ಹತ್ತಿರ ಯಜಮಾನರು ಸಿಕ್ಕರು. ಬಿಡಲಿಲ್ಲ. ಹೆಂಡತಿ ಆಚೆ ಹೋದದ್ದು ನೋಡಿ, ನೀವು ಎದ್ದು ಬಂದದ್ದು ಯಾಕೆಂದು ಗೊತ್ತಾಯಿತು ಎಂದೆ. ಅವರ ಮುಖ ಒಂದು ಕ್ಷಣವೂ ಕೆಡಲಿಲ್ಲ.

"ನಾನು ಅವ್ರಿಗೆ ಏನಾರ ಅಂದ್ನಾ ಮೇಡಂ? ಎಕ್ಸ್‌ಕ್ಯೂಸ್ ಮಿ ಅಂತ್ಲೇ ಎದ್ದೆ. ನಿಮಗೂ ಪ್ಲೀಸ್ ಅಂತ್ಲೇ ಕೇಳ್ದೆ."

ನಿಜ. ಒಂದು ಕೆಟ್ಟ ಮಾತಿಲ್ಲ. ದನಿ ಏರಲಿಲ್ಲ. ಮುಟ್ಟಲಿಲ್ಲ, ತಳ್ಳಲಿಲ್ಲ. ವಕೀಲಿ ಮಾಡುವವಳು ಹೇಳುತ್ತೇನೆ, ಯಾವ ಕೋರ್ಟಿನಲ್ಲೂ ಈ ಕೇಸು ನಿಲ್ಲುವುದಿಲ್ಲ. ಹೆಂಡತಿಯ ಪಕ್ಕ ಕೂರಬೇಕೆಂದು ಗಂಡ ಕೇಳಿದ, ಸಹಪ್ರಯಾಣಿಕಳು ಒಪ್ಪಿದಳು. ಒಪ್ಪಿದವಳೇ ಸಾಕ್ಷಿ. ಅದು ಇನ್ನೂ ಉರಿಯುತ್ತದೆ. ಬರೀ ಎದ್ದು ಹೋಗಿ ಸೀಟು ಖಾಲಿ ಬಿಟ್ಟಿದ್ದರೆ ನಾಲ್ಕು ಜನಕ್ಕಾದರೂ ಕಾಣುತ್ತಿತ್ತು. ನಾನು ಹೋಗಿ ಅದನ್ನು ತುಂಬಿಸಿ, ಅವರ ಕೆಲಸ ಯಾರಿಗೂ ಕಾಣದ ಹಾಗೆ ಮಾಡಿಕೊಟ್ಟೆ. ಅದಕ್ಕೇ ದೊಡ್ಡ ಮನಸ್ಸಿನ ಸರ್ಟಿಫಿಕೇಟು.

ಸೊರಬದ ಬಸ್ಸಿನಲ್ಲಾಗಿದ್ದರೆ ಯಜಮಾನರು ಏಳುತ್ತಿದ್ದರೇ? ಖಂಡಿತ ಇಲ್ಲ. ಎದ್ದರೆ ಅಷ್ಟೂ ಗುಂಡಿಗಳನ್ನು ನಿಂತುಕೊಂಡೇ ದಾಟಬೇಕು. ಆ ಸೀಟನ್ನು ಇನ್ನೊಬ್ಬರು ಆಗಲೇ ಹಿಡಿದಿರುತ್ತಾರೆ. ತೊಡೆಗೆ ತೊಡೆ ತಾಗಿಸಿಕೊಂಡು ಸುಮ್ಮನೆ ಕೂತಿರುತ್ತಿದ್ದರು. ದುಡ್ಡು ಬಂದು, ನಂಬರಿನ ಸೀಟು ಬಂದು, ಕೇಳಿ ಬದಲಾಯಿಸಿಕೊಳ್ಳುವ ಸೌಜನ್ಯ ಬಂದ ಮೇಲೆ ಎದ್ದು ಹೋಗುವುದು ಎಷ್ಟು ಸುಲಭವಾಯಿತು ನೋಡಿ.

ಹೊರಗೆ ಬಂದೆವು. ಮಗಳು ಕಟಕಟೆಯಾಚೆ ಕೈ ಬೀಸುತ್ತಿದ್ದಳು. ಡ್ಯೂಟಿ ಮುಗಿಸಿ ನೇರವಾಗಿ ಬಂದಿದ್ದಳೇನೋ, ಕಣ್ಣು ಕೆಂಪಗಿದ್ದವು. ಅಪ್ಪನ ಕೈಯಿಂದ ಚೀಲ ಕಸಿದುಕೊಂಡಳು, ಅಂಗಿಯ ಕಾಲರ್ ಸರಿ ಮಾಡಿದಳು. ನಾನು ದಾಟಿ ಹೋಗಬೇಕು ಎನ್ನುವಷ್ಟರಲ್ಲಿ ನಾಗಪ್ಪ, ಈ ಮೇಡಂ ನನ್ ಪಕ್ಕ ಕೂತಿದ್ರು, ಶಿಕಾರಿಪುರದೋರು, ಎಂದು ತೋರಿಸಿದರು. ಅವಳು ನನಗೆ ನಮಸ್ಕಾರ ಮಾಡಿದಳು. ಆಮೇಲೆ ಅಪ್ಪನ ಕಡೆ ತಿರುಗಿ ದನಿ ತಗ್ಗಿಸಿದಳು. ತಗ್ಗಿಸಿದರೂ ನನಗೆ ಕೇಳಿಸಿತು.

"ಅಪ್ಪಾ, ಯಾರೂ ಸೀಟು ಬದಲಾಯಿಸ್ಕಳ್ಳಿಲ್ಲ ಅಲ್ವಾ?"

ಇಲ್ಲ ಎಂದರು ನಾಗಪ್ಪ. ಅವಳು ನನ್ನ ಮುಖ ನೋಡಿದಳು. ಇಲ್ಲ ಎಂದು ನಾನೂ ತಲೆಯಾಡಿಸಿದೆ.

ನಿಮ್ಮ ಅಪ್ಪ ಮೊದಲ ಸಲ ವಿಮಾನದಿಂದ ಇಳಿದು ಬಂದಾಗ, ನೀವು ಕೇಳಿದ ಮೊದಲ ಪ್ರಶ್ನೆ ಏನಾಗಿತ್ತು?