ಮೂರು ಕಟರ್, ಓಣಿ ತುಂಬ ಹೊಗೆ

ಇಚಲಕರಂಜಿಯ ಶಹಾಪುರದಲ್ಲಿ ಒಂದು ಮಗ್ಗದ ಶೆಡ್ಡಿನಲ್ಲಿ ನಾನು ಜಾಬರ್ ಆಗಿದ್ದೆ, ಅಂದರೆ ಕೆಟ್ಟ ಮಗ್ಗ ರಿಪೇರಿ ಮಾಡುವವನು. ಮಾಲೀಕರು ಹಳೆಯ ಮಗ್ಗ ಮಾರಿ ಹೊಸವನ್ನು ತಂದರು. ಅವುಗಳ ಜೊತೆಗೇ ಹೊಸ ಹುಡುಗರೂ ಬಂದರು, ನಾನು ಮನೆಗೆ ಬಂದೆ. ಕಸ ಗುಡಿಸುವಾಗ ಹೆಂಡತಿ "ಕಾಲ ಎತ್ರಿ" ಅಂದಾಗಲೆಲ್ಲ ಅಳು ಬಂದಂತಾಗುತ್ತಿತ್ತು. ಇನ್ನು ಸಾಯುವತನಕ ಹೀಗೇ ಕೂತಿರುತ್ತೇನೆ ಎಂದು ಹೆದರಿದ್ದೆ.

ಗಡಹಿಂಗ್ಲಜದ ಸಂತೆಗೆ ಹೋದವನು ಮೂರು ಹಳೆಯ ಕಟರ್ ಹೊತ್ತು ಎಸ್‌ಟಿ ಬಸ್ಸಿನಲ್ಲಿ ಬಂದೆ. ಕಟರ್ ಅಂದರೆ ಪೆಟ್ರೋಲಿನಲ್ಲಿ ಓಡುವ, ಮರ ಕೊಯ್ಯುವ ಗರಗಸ. ಇವನ್ನು ಬಿಚ್ಚಿ ಕಲಿತು ಬಾಗಿಲಿಗೆ ರಿಪೇರಿ ಬೋರ್ಡು ತೂಗುಹಾಕುವ ಆಸೆ ನನ್ನದು.

"ಅಡಿಗಿ ಮನ್ಯಾಗ ಪೆಟ್ರೋಲ್ ವಾಸನಿ ಬರಾಕತ್ತೈತಿ," ಅಂದಳು ಹೆಂಡತಿ. "ಐತವಾರದೊಳಗ ಒಂದರ ಚಾಲೂ ಆಗಬೇಕು. ಇಲ್ಲಾಂದ್ರ ಮೂರೂ ಭಂಗಾರದ ಗಾಡಿಗೆ."

ಭಂಗಾರವೆಂದರೆ ನಮ್ಮಲ್ಲಿ ಗುಜರಿ. "ಇಷ್ಟ ವರ್ಷ ಮಗ್ಗ ನೋಡೇನಿ, ಇದೇನ ದೊಡ್ಡ ಮಾತು?" ಅಂದೆ.

ದೊಡ್ಡ ಮಾತೇ ಆಗಿತ್ತು. ಮೊಬೈಲಿನಲ್ಲಿ ವೀಡಿಯೊ ನೋಡುತ್ತ ಕಾರ್ಬೊರೇಟರನ್ನು ಅವಳ ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ತೊಳೆದೆ. ಬ್ರಷ್ಷು ಹಳೆಯದಲ್ಲವೆಂದು ಆಮೇಲೆ ತಿಳಿಯಿತು. ಮೂರರ ಒಳ್ಳೆಯ ಭಾಗ ಕೂಡಿಸಿ ಒಂದು ಕಟರ್ ಮಾಡಿದೆ. ಒಂದು ಸ್ಪ್ರಿಂಗು ಉಳಿಯಿತು, ಅದು ಎಲ್ಲಿಯದೋ ದೇವರೇ ಬಲ್ಲ.

ಪೆಟ್ರೋಲಿಗೆ ಸ್ವಲ್ಪವೇ ಆಯಿಲ್ ಬೆರೆಸಿ ಅಂದಿದ್ದ ವೀಡಿಯೊದವನು. ಮಗ್ಗಕ್ಕೆ ಎಣ್ಣೆ ಕಡಿಮೆ ಹಾಕಿದಿರಿ ಎಂದು ಹುಡುಗರನ್ನು ಬೈದೇ ಕೂದಲು ನರೆತವನು ನಾನು. ಸ್ವಲ್ಪ ಎಂಬುದು ಈ ಕೈಗೆ ಗೊತ್ತಿಲ್ಲ. ಧಾರಾಳವಾಗಿ ಸುರಿದೆ.

ಭಾನುವಾರ ಬೆಳಿಗ್ಗೆ ಗುಜರಿಯವನ ಗಾಡಿ ಬಾಗಿಲಿಗೇ ಬಂತು, ಕರೆಸಿದವಳು ಇವಳೇ. ನಾನು ಮರ ಕೊಯ್ಯುವ ಹಲ್ಲಿನ ಸರಪಳಿ ಬಿಚ್ಚಿಟ್ಟು, ಕಟರನ್ನು ಕಾಲಲ್ಲಿ ಒತ್ತಿ ಚಾಲೂ ಮಾಡುವ ಹಗ್ಗ ಎಳೆದೆ. ಮತ್ತೆ ಎಳೆದೆ. ಅವನು ತಕ್ಕಡಿ ಹೊರಗೆ ತೆಗೆದ. ಸಿಟ್ಟು ನೆತ್ತಿಗೇರಿ ಇನ್ನೊಮ್ಮೆ ಎಳೆದೆ. ಕೆಮ್ಮಿತು, ಗೊರ್ ಅಂತು, ಚಾಲೂ ಆಯಿತು.

ಆಮೇಲೆ ಹೊಗೆ. ಎಂಥ ಹೊಗೆ ಅಂತೀರಿ, ಓಣಿ ಕಾಣಲಿಲ್ಲ, ಗಾಡಿ ಕಾಣಲಿಲ್ಲ, ನನ್ನ ಕಾಲೇ ನನಗೆ ಕಾಣಲಿಲ್ಲ. ಸೊಳ್ಳೆಗೆ ಹೊಗೆ ಹೊಡೆಯಲು ಪಾಲಿಕೆಯವರು ಬಂದಾಗಲೂ ಇದೇ ಸದ್ದು, ಇದೇ ಹೊಗೆ. ಪಟಪಟ ಬಾಗಿಲು ತೆರೆದವು.

"ಅಹೋ, ಆಮ್ಚ್ಯಾ ಗಟಾರೀತ್ ಪಣ್ ಮಾರಾ ಕೀ," ಎಂದಳು ಎದುರುಮನೆಯ ಮರಾಠಿ ಅಜ್ಜಿ, ತಮ್ಮ ಚರಂಡಿಗೂ ಹೊಗೆ ಹೊಡೆಯಿರೆಂದು.

"ನಮ್ಮ ಮಂಚದ ಕೆಳಗೂ ಹೊಡೀರಿ, ತಗಣಿ ಭಾಳ ಆಗ್ಯಾವ," ಎಂದರು ಪಕ್ಕದ ಮನೆಯವರು.

ಅಷ್ಟರಲ್ಲಿ ಕಟರ್ ನಿಂತೇ ಹೋಯಿತು. ಹೊಗೆ ತಿಳಿಯಾದಾಗ ಓಣಿಯೆಲ್ಲ ನನ್ನನ್ನು ನೋಡಿ ನಗುತ್ತಿತ್ತು. ಪ್ಲಗ್ ಬಿಚ್ಚಿದೆ, ಎಣ್ಣೆಯಲ್ಲಿ ತೊಯ್ದು ಕಪ್ಪಗಾಗಿತ್ತು. ನಾಚಿಕೆಯಿಂದ ತಲೆ ಎತ್ತಲಾಗಲಿಲ್ಲ.

ಗುಜರಿಯವನು ಕೆಮ್ಮುತ್ತಲೇ ಕೈ ಚಾಚಿದ. "ಸಂಪಲಂ ಕೀ ಮಾವಶಿ. ದ್ಯಾ ಆತಾ." ಮುಗಿಯಿತಲ್ಲ ಚಿಕ್ಕಮ್ಮ, ಕೊಡಿ ಈಗ ಅಂದ.

ಹೆಂಡತಿ ಸೆರಗಿನಿಂದ ಮೂಗು ಒರೆಸಿಕೊಂಡು ಕಟರನ್ನೊಮ್ಮೆ, ನನ್ನನ್ನೊಮ್ಮೆ ನೋಡಿದಳು.

"ಚಾಲೂ ಆಗೂ ಮಷೀನ ಯಾರರ ಭಂಗಾರಕ್ಕ ಕೊಡ್ತಾರೇನೋ ತಮ್ಮಾ? ನಡಿ ಮುಂದ."

ಆಮೇಲೆ ಓಣಿಯ ಕಡೆ ತಿರುಗಿದಳು. "ನಗಾಕೇನಾತು? ನಮ್ಮ ಮನ್ಯಾರು ಹೊಸಾ ಕೆಲಸ ಕಲ್ಯಾಕತ್ತಾರ."