ನೆಂಟರಿಲ್ಲದ ಮನೆಗೆ ಎರಡು ಬಂಗಡೆ

ಅವಳ ಬಲಗೈ ಹೆಬ್ಬೆರಳಿನ ಉಗುರು ನಡುವೆ ಸೀಳಿತ್ತು. ಆ ಸೀಳಿನಲ್ಲಿ ಸದಾ ಒಂದು ಮೀನಿನ ಹುರುಪೆ ಹೊಳೆಯುತ್ತಿತ್ತು. ಬೆಳಕೆಯಿಂದ ಭಟ್ಕಳಕ್ಕೆ ಬುಟ್ಟಿ ಹೊತ್ತು ಬರುತ್ತಿದ್ದ ಅವಳು ನನಗೆ ಮೀನಕ್ಕ. ಶಾಲೆಯಲ್ಲಿ ಕಲಿಸುವ ನಾನು ಅವಳಿಗೆ ಅಕ್ಕೋರು.

ಒಂಟಿಯಾಗಿರುವ ನಾನು ಒಂದು ಭಾನುವಾರ ಹನ್ನೆರಡು ಬಂಗಡೆ ಕೇಳಿದೆ. "ನೆಂಟ್ರು ಬಂದಿದ್ರಾ?" ಎಂದಳು. ಹೂಂ ಎಂದುಬಿಟ್ಟೆ. ನೆಂಟರಿರುವ ಮನೆಗೆ ಮೇಲೆ ಎರಡು ಹಾಕುವುದು ಅವಳ ಪದ್ಧತಿ. ಅಂದಿನಿಂದ ಪ್ರತಿ ಭಾನುವಾರವೂ ನನ್ನ ಮನೆಗೆ ನೆಂಟರು ಬರತೊಡಗಿದರು!

ಅಷ್ಟನ್ನೂ ತಿನ್ನುತ್ತಿದ್ದವಳು ನಾನೇ. ಅಡುಗೆಮನೆಯಲ್ಲಿ ನಿಂತುಕೊಂಡೇ, ಹಸಿವಿಲ್ಲದೆ, ರುಚಿಯೂ ತಿಳಿಯದೆ. ಹೊಟ್ಟೆ ಬಿರಿಯುವಂತಾದರೂ ಕೈ ನಿಲ್ಲುತ್ತಿರಲಿಲ್ಲ. ಆಮೇಲೆ ನಾಚಿಕೆ, ಮರುದಿನ ಉಪವಾಸ, ಸಂಜೆಗೆ ಬೇಕರಿಯ ಬನ್ನು. ಸಕ್ಕರೆ ಏರಿತು, ಬಿಪಿ ಏರಿತು, ಶಾಲೆಯ ಮೆಟ್ಟಿಲು ಹತ್ತಿದರೆ ಏದುಸಿರು. ಬಾಯಿ ಕಟ್ಟಿ ಎಂದವರ ಮೇಲೆಲ್ಲ ಸಿಟ್ಟು ಬರುತ್ತಿತ್ತು. ನನ್ನ ಮೇಲೆ ಇನ್ನೂ ಹೆಚ್ಚು.

ಒಂದು ಮಧ್ಯಾಹ್ನ ನೆಂಟರಿಗೆಂದು ಸಿಗಡಿ ಚಟ್ನಿ ಹಿಡಿದು ಅವಳು ಹಿತ್ತಲ ಬಾಗಿಲಿಂದ ಒಳಬಂದಳು. ನನ್ನ ಬಾಯಲ್ಲಿ ಮೀನು, ಎದುರಿಗೆ ಮುಳ್ಳಿನ ರಾಶಿ. ನಕ್ಕಾಳು ಎಂದುಕೊಂಡೆ. ಎಂದೂ ಕೂರದವಳು ನೆಲದ ಮೇಲೆ ಕೂತಳು.

"ಯಾರೂ ಇಲ್ವಾ ಅಕ್ಕೋರೆ?"

"ಇಲ್ಲ."

"ನಾ ಬೇರೆ ಎರಡೆರಡು ಹೆಚ್ಚಿಗೆ ಹಾಕ್ತಾ ಬಂದೆ. ನಂದೂ ತಪ್ಪಾತು."

ನನ್ನ ತಪ್ಪಿನಲ್ಲಿ ಪಾಲು ಕೇಳಿದವಳು ಅವಳೊಬ್ಬಳೇ. ನಾನು ಅತ್ತುಬಿಟ್ಟೆ.

"ಇದು ಆಸೆ ಅಲ್ಲ, ಎಂತದೋ ಸೀಕು. ನಾಳೆ ಹೊನ್ನಾವರಕ್ಕೆ ಡಾಕ್ಟ್ರ ಹತ್ರ ಹೋಗ್ವ."

ಮರುದಿನ ಬುಟ್ಟಿ ಮನೆಯಲ್ಲೇ ಬಿಟ್ಟು ಬಂದಳು. ಮಾವಳ್ಳಿ ಬರುವಷ್ಟರಲ್ಲಿ ಬಸ್ಸಿನಿಂದ ಇಳಿದುಬಿಡಲು ಎದ್ದೆ. ಸೆರಗು ಹಿಡಿದು ಕೂರಿಸಿದಳು. ಮನೋವೈದ್ಯೆ ಎಲ್ಲ ಕೇಳಿ, ಇದು ಬಿಂಜ್ ಈಟಿಂಗ್ ಎಂಬ ಕಾಯಿಲೆ, ಚಪಲವಲ್ಲ ಎಂದರು. ಉಪವಾಸ ಮಾಡಿದಷ್ಟೂ ಹೆಚ್ಚುತ್ತದೆ, ಹೊತ್ತುಹೊತ್ತಿಗೆ ಕೂತು ಉಣ್ಣಿ, ಮಾತಾಡಲು ಬರುತ್ತಿರಿ ಎಂದರು.

ಆಮೇಲೆ ಭಾನುವಾರ ಮೂರೇ ಬಂಗಡೆ. ನಾನೆಷ್ಟು ಚಡಪಡಿಸಿದರೂ ಮೀನಕ್ಕನದು ಒಂದೇ ಮಾತು: "ಕೂತ್ಕಂಡು ಉಣ್ಣಿ, ಅಕ್ಕೋರೆ."

ಕಳೆದ ಮಳೆಗಾಲ ಎದೆನೋವೆಂದು ಆಸ್ಪತ್ರೆಗೆ ಹೋದವಳು ಮರಳಲಿಲ್ಲ. ಅವಳ ಮನೆಯಿಂದ ಬರುವಾಗ ಕಾಲು ತಾನಾಗಿ ಬೇಕರಿಗೆ ನಡೆಯಿತು. ಎಂಟು ಬನ್ನು ಕೇಳಿದೆ.

"ನೆಂಟ್ರು ಬಂದಿದ್ರಾ?" ಎಂದ ಅಂಗಡಿಯವ.

"ಇಲ್ಲ, ನಂಗೇ" ಎಂದೆ.

ಅಂದು ತಿಂದೆ, ಸುಳ್ಳು ಹೇಳುವುದಿಲ್ಲ. ಆದರೆ ಅವಳು ಕೂತ ಜಾಗದಲ್ಲಿ ಕೂತು ತಿಂದೆ. ಮೂರನೆಯದಕ್ಕೆ ಕೈ ನಿಂತಿತು.