ಮಾವಶಿಗೆ ನಾನು ಹೇಳಿದ ಕೌಲು

ಮೊನ್ನೆ ಗೋದಿ ಒಣಹಾಕಲೆಂದು ಹಳೆಯ ಗೋಣಿಚೀಲವೊಂದನ್ನು ಝಾಡಿಸಿದಾಗ ತಂಬಾಕಿನ ಪುಡಿ ಎದ್ದು ಮೂಗಿಗೆ ಹೊಡೆಯಿತು. ಸಾಲಾಗಿ ನಾಲ್ಕು ಸೀನು. ಚೀಲ ಯಾವ ಕಾಲದ್ದೋ, ಯಾರ ಮನೆಯಿಂದ ಬಂದದ್ದೋ... ಆದರೆ ಆ ಘಾಟು ನನಗೆ ಗುರುತಿನದು. ನಿಪ್ಪಾಣಿಯಲ್ಲಿ ನಮ್ಮ ಗೋಡೆಗೆ ಗೋಡೆ ಹಚ್ಚಿಕೊಂಡಿದ್ದ ಮನೆಯ ಮಾವಶಿಯ ಸೆರಗಿನ ವಾಸನೆ ಅದು.

ಮಾವಶಿ ಅಂದರೆ ಮರಾಠಿಯಲ್ಲಿ ಚಿಕ್ಕಮ್ಮ, ಆದರೆ ಆಕೆ ನನಗೆ ಸಂಬಂಧಿಕಳಲ್ಲ. ಎಂಬತ್ತರ ದಶಕದ ಕೊನೆಗೆ ನಾನು ಮದುವೆಯಾಗಿ ಆ ಗಲ್ಲಿಗೆ ಬಂದಾಗ ಎಲ್ಲರೂ ಆಕೆಯನ್ನು ಹಾಗೇ ಕರೆಯುತ್ತಿದ್ದರು, ನಾನೂ ಕರೆದೆ. ಗಂಡ ತೀರಿಹೋಗಿದ್ದ. ಒಬ್ಬಳೇ ಮಗಳು. ಇಪ್ಪತ್ತು ವರ್ಷದಿಂದ ಒಂದೇ ತಂಬಾಕಿನ ವಖಾರಿಯಲ್ಲಿ, ಅಂದರೆ ಗೋದಾಮಿನಲ್ಲಿ, ಜರಡಿ ಹಿಡಿಯುವ ಕೆಲಸ. ಪಗಾರ ಕಡಿಮೆ. ಆದರೆ ಹೆಣ್ಣುಮಕ್ಕಳೆಲ್ಲ ಮುಖಕ್ಕೆ ಬಟ್ಟೆ ಕಟ್ಟಿಕೊಂಡು ಸಾಲಾಗಿ ಕುಳಿತು ಹಾಡು ಹೇಳುತ್ತ ಜರಡಿ ಆಡಿಸುತ್ತಿದ್ದರು. ಒಬ್ಬಳಿಗೆ ಜ್ವರ ಬಂದರೆ ಅವಳ ಪಾಲಿನ ರಾಶಿಯನ್ನು ಇನ್ನಿಬ್ಬರು ಮಾಡಿ ಮುಗಿಸುತ್ತಿದ್ದರು. ಮಾಲೀಕರ ತಾಯಿ ಮಧ್ಯಾಹ್ನ ಒಂದು ಕೊಡ ಮಜ್ಜಿಗೆ ಕಳಿಸುತ್ತಿದ್ದರು. ಹಂಗಾಮು ಶುರುವಾಗುವಾಗ ಕೆಲಸದವರನ್ನು ನೋಡಿಕೊಳ್ಳುವ ಮುಕಾದಮ ಮನೆಮನೆಗೆ ಬಂದು, ನಾಳೆಯಿಂದ ಬರ್ರಿ ಎಂದು ಹೇಳಿ ಹೋಗುತ್ತಿದ್ದ. ಇಪ್ಪತ್ತು ವರ್ಷದಲ್ಲಿ ಒಮ್ಮೆಯೂ ಆಕೆಯ ಬಾಗಿಲು ತಪ್ಪಿಸಿರಲಿಲ್ಲ.

ಮಗಳಿಗೆ ಮಿರಜಿನಲ್ಲಿ ನರ್ಸಿಂಗ್ ಕಲಿಯಲು ಸೀಟು ಸಿಕ್ಕ ವರ್ಷವೇ ಊರ ಹೊರಗೆ ಹೊಸ ವಖಾರಿಯೊಂದು ತೆರೆಯಿತು. ಅಲ್ಲಿ ಒಂದೂವರೆ ಪಟ್ಟು ಪಗಾರ. ಆದರೆ ಕೆಲಸದಲ್ಲಿ ಮಾತಾಡುವಂತಿಲ್ಲ, ಸಂಜೆ ಗೇಟಿನಲ್ಲಿ ಸೆರಗು, ಉಡಿ ಝಾಡಿಸಿ ತೋರಿಸುವ ಝಡತಿ ಕೊಟ್ಟೇ ಹೊರಗೆ ಬರಬೇಕು, ಮುಂದಿನ ಹಂಗಾಮಿನ ಮಾತು ಯಾರೂ ಕೊಡುವುದಿಲ್ಲ ಎಂದು ಹೋಗಿಬಂದವರು ಹೇಳುತ್ತಿದ್ದರು.

ಮಾವಶಿ ಎಂಟು ದಿನ ಸರಿಯಾಗಿ ಉಣ್ಣಲಿಲ್ಲ. ಕೊನೆಗೆ ನಮ್ಮ ಕಟ್ಟೆಯ ಮೇಲೆ ಬಂದು ಕುಳಿತಳು.

“ಪಗಾರ ನೋಡಿದ್ರ ಕಾಲ ಆ ಕಡೆ ಓಡತಾವ ತಂಗಿ. ಮಂದೀನ ನೋಡಿದ್ರ ಈ ಕಡೆ ನಿಲ್ಲತಾವ. ನಾ ಏನ ಮಾಡ್ಲಿ?”

ನನಗೇನು ತಿಳಿಯುತ್ತದೆ? ದೇವಿಯನ್ನೇ ಕೇಳೋಣ ಎಂದೆ. ಗಲ್ಲಿಯ ತುದಿಯ ಲಕ್ಷ್ಮಿ ಗುಡಿಯಲ್ಲಿ ದಿನಾ ಕಸ ಹೊಡೆದು ದೀಪ ಹಚ್ಚುತ್ತಿದ್ದವಳು ನಾನೇ. ದೇವಿಯ ಎರಡೂ ಭುಜಕ್ಕೆ ಒದ್ದೆ ಹೂವಿನ ಎಸಳು ಅಂಟಿಸಿ, ಯಾವುದು ಮೊದಲು ಉದುರುತ್ತದೋ ಕಾಯುವುದಕ್ಕೆ ನಮ್ಮ ಕಡೆ ಕೌಲು ಕೇಳುವುದು ಅನ್ನುತ್ತಾರೆ. ಅದನ್ನು ಪೂಜಾರಿ ಮಾಡಬೇಕು. ಆತ ಊರಲ್ಲಿರಲಿಲ್ಲ, ಹೊಸ ವಖಾರಿಯವರು ಮರುದಿನವೇ ಉತ್ತರ ಕೇಳಿದ್ದರು. ನಾನೇ ಅಂಟಿಸಿದೆ. ಬಲದ್ದು ಬಿದ್ದರೆ ಹೊಸದಕ್ಕೆ, ಎಡದ್ದು ಬಿದ್ದರೆ ಹಳೆಯದರಲ್ಲೇ.

ಬಹಳ ಹೊತ್ತು ಕಾದೆವು. ಮಾವಶಿ ಕೈಮುಗಿದು ಕಣ್ಣು ಮುಚ್ಚಿದ್ದಳು... ಹಾಗೆಂದೇ ನಾನು ತಿಳಿದೆ. ಎಸಳು ಎರಡೂ ಒಟ್ಟಿಗೆ ಬಿದ್ದವು. ಹಾಗಾದರೆ ತಾಯಿ ಉತ್ತರ ಕೊಡಲಿಲ್ಲ ಎಂದೇ ಲೆಕ್ಕ, ಮತ್ತೊಮ್ಮೆ ಕೇಳಬೇಕು. ಅದು ನನಗೆ ಚೆನ್ನಾಗಿ ಗೊತ್ತಿತ್ತು.

“ಯಾವುದ ಬಿತ್ತ?” ಎಂದಳು.

“ಬಲದ್ದರಿ ಮಾವಶಿ.”

ಯಾಕೆ ಹಾಗೆ ಹೇಳಿದೆನೋ! ಆ ಹುಡುಗಿ ಕಲಿಯಲಿ ಎಂದಿರಬೇಕು. ನಾನು ಏಳನೇ ಇಯತ್ತೆಗೆ ಶಾಲೆ ಬಿಟ್ಟವಳು. ನನ್ನ ಆಸೆಯನ್ನೇ ದೇವಿಯ ಬಾಯಲ್ಲಿ ಹಾಕಿದೆನೋ ಏನೋ...

ಮಾವಶಿ ಹೊಸದಕ್ಕೆ ಹೋದಳು. ಪಗಾರ ಒಂದು ವಾರವೂ ತಪ್ಪಲಿಲ್ಲ, ಅದು ದೇವರ ದಯೆ. ಝಡತಿಯ ಮಾತು ಬಂದಾಗ ಆಕೆಯೇ ನಗಿಸುತ್ತಿದ್ದಳು. “ಮುದುಕಿ ಉಡಿ ಝಾಡಿಸಿದ್ರ ಏನ ಸಿಗತೈತಿ, ಎರಡ ಸೀನ ಸಿಗತಾವ.” ಆದರೆ ಹಾಡು ನಿಂತುಹೋಯಿತು. ಮನೆಗೆ ಬಂದ ಮೇಲೂ ಮಾತು ಕಡಿಮೆಯಾಯಿತು. ಮೂರು ಹಂಗಾಮು ಹೀಗೆ ನಡೆಯಿತು, ಮಗಳ ಕಲಿಕೆ ಮುಗಿಯಿತು. ನಾಲ್ಕನೆಯ ಹಂಗಾಮಿಗೆ ಹೋದರೆ ಗೇಟಿಗೆ ಕೀಲಿ. ಯಾರೂ ಒಂದು ಮಾತು ಹೇಳಿ ಕಳಿಸಿರಲಿಲ್ಲ. ಹಳೆಯ ವಖಾರಿಯಲ್ಲಿ ಕೇಳಲು ಹೋದಾಗ ಮುಕಾದಮ ತಲೆ ತಗ್ಗಿಸಿ, ನಿಮ್ಮ ಜಾಗಕ್ಕೆ ಬೇರೆಯವರು ಬಂದಾರ ಎಂದನಂತೆ. ಆ ವಖಾರಿ ಮುಂದೆಯೂ ಎಷ್ಟೋ ವರ್ಷ ನಡೆಯಿತು. ಮಾವಶಿ ಮಾತ್ರ ಮನೆಯಲ್ಲಿ ಒಬ್ಬಳೇ ಕುಳಿತು ಬೀಡಿ ಕಟ್ಟಿದಳು.

ಒಂದು ದಿನವೂ ನನ್ನನ್ನು ದೂರಲಿಲ್ಲ. ತಾಯಿ ಹೇಳಿದ್ದು, ನಾ ಹೋದೆ ಅನ್ನುತ್ತಿದ್ದಳು. ಆ ಮಾತು ಬಂದಾಗಲೆಲ್ಲ ನಾನು ಒಲೆಯ ನೆಪ ಹೇಳಿ ಒಳಗೆ ಹೋಗುತ್ತಿದ್ದೆ.

ಮಿರಜಿನ ಆಸ್ಪತ್ರೆಯಲ್ಲಿ ಮಗಳಿಗೆ ನೌಕರಿಯಾಗಿ, ತಾಯಿಯನ್ನು ಕರೆದೊಯ್ಯಲು ಬಂದಳು. ಬಸ್ ಸ್ಟ್ಯಾಂಡಿಗೆ ನಾನೂ ಹೋದೆ. ಈಗ ಹೇಳದಿದ್ದರೆ ಎಂದೂ ಇಲ್ಲ ಎಂದು ಧೈರ್ಯ ಮಾಡಿ, ಮಾವಶಿ, ಆ ಕೌಲು... ಎಂದೆ. ಆಕೆ ನನ್ನ ಕೈ ಒತ್ತಿದಳು.

“ಏನೂ ಹೇಳಬ್ಯಾಡ. ಗುಡಿಯಾಗ ನಾನೂ ಕುಂತಿದ್ನಲ್ಲ, ತಂಗಿ.”

ಬಸ್ಸು ಹೊರಟಿತು. ಒಂದೆರಡು ವರ್ಷಕ್ಕೆ ಮಾವಶಿ ತೀರಿಕೊಂಡಳೆಂದು ಮಗಳ ಕಾಗದ ಬಂತು. ಕೊನೆಗಾಲಕ್ಕೆ ಮಗಳ ಕೈಯ ಆರೈಕೆ ಸಿಕ್ಕಿತು, ನರಳಲಿಲ್ಲ, ಅಷ್ಟೂ ದಯೆಯೇ.

ಎಸಳು ಎರಡೂ ಒಟ್ಟಿಗೆ ಬಿದ್ದದ್ದನ್ನು ಆಕೆ ಕಣ್ಣು ಬಿಟ್ಟು ನೋಡಿದ್ದಳೇ? ನೋಡಿಯೂ, ಹೋಗು ಎಂದು ಯಾರಾದರೂ ಹೇಳಲಿ ಅಂತ ಸುಮ್ಮನಿದ್ದಳೇ? ಅಥವಾ ನನ್ನ ಮುಖ ನೋಡಲಾರದೆ ಹಾಗೆ ಅಂದಳೇ... ಒಮ್ಮೆ ಮಗಳ ನೌಕರಿ ನೆನೆದು ಒಳ್ಳೆಯದೇ ಆಯಿತು ಅನ್ನುತ್ತೇನೆ, ಒಮ್ಮೆ ಆ ಹಾಡುವ ಸಾಲಿನಿಂದ ಎಬ್ಬಿಸಿದವಳು ನಾನೇ ಅನ್ನುತ್ತೇನೆ. ದೀಪ ಈಗಲೂ ದಿನಾ ಹಚ್ಚುತ್ತೇನೆ. ಕೌಲು ಮಾತ್ರ ಆಮೇಲೆ ಯಾರಿಗೂ ಕೇಳಿಕೊಟ್ಟಿಲ್ಲ. ಮಾವಶಿ ಇದ್ದಿದ್ದರೆ ಇಷ್ಟನ್ನು ಆಕೆಯನ್ನೇ ಕೇಳುತ್ತಿದ್ದೆ. ಆಕೆ ಹೇಳಿದ್ದರೆ ನನಗೆ ಸಮಾಧಾನವಾಗುತ್ತಿತ್ತೋ ಇಲ್ಲವೋ, ಅದೂ ತಿಳಿಯದು.